ತಿರುವೈಯಾರಿನ ಕಾವೇರಿ ತೀರಕ್ಕೆ: ತ್ಯಾಗರಾಜ ಆರಾಧನೆಗೆ ಕಾಸರಗೋಡಿನಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಪುಷ್ಯ ಮಾಸ ಹತ್ತಿರವಾಗುತ್ತಿದ್ದಂತೆ ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯ ಸಂಗೀತ ತರಗತಿಗಳಲ್ಲಿ, ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರ ಐದು ದೊಡ್ಡ ರಚನೆಗಳಾದ ಪಂಚರತ್ನ ಕೃತಿಗಳ ಅಭ್ಯಾಸ ಆರಂಭವಾಗುತ್ತದೆ. ಮನೆಯ ಚಾವಡಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಹತ್ತಿಪ್ಪತ್ತು ಮಂದಿ ಸೇರಿ ತ್ಯಾಗರಾಜರ ಆರಾಧನೆಯನ್ನು, ಅಂದರೆ ಅವರ ಪುಣ್ಯತಿಥಿಯ ಆಚರಣೆಯನ್ನು, ನಡೆಸುತ್ತಾರೆ. ಹೀಗೆ ಹಾಡುವವರಲ್ಲಿ ಬಹಳಷ್ಟು ಮಂದಿಗೆ ಒಮ್ಮೆಯಾದರೂ ಅವರ ಸಮಾಧಿಯಿರುವ ತಮಿಳುನಾಡಿನ ತಿರುವೈಯಾರಿಗೆ ಹೋಗಿ, ಕಾವೇರಿಯ ದಂಡೆಯ ಆ ಚಪ್ಪರದಲ್ಲಿ ಕುಳಿತು ಹಾಡಬೇಕೆಂಬ ಆಸೆಯಿರುತ್ತದೆ. ಆದರೆ ಯಾವಾಗ ಹೊರಡಬೇಕು, ಹೇಗೆ ತಲುಪಬೇಕು, ಅಲ್ಲಿ ಎಲ್ಲಿ ಕುಳಿತುಕೊಳ್ಳಬೇಕು ಎಂಬ ಸಣ್ಣಪುಟ್ಟ ಸಂಗತಿಗಳು ತಿಳಿಯದೆ ವರ್ಷದಿಂದ ವರ್ಷಕ್ಕೆ ಆಸೆ ಮುಂದಕ್ಕೆ ಹೋಗುತ್ತದೆ. ಅಂಥವರಿಗಾಗಿ ಈ ಬರಹ. ಇದರಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಎರಡು. ತಿರುವೈಯಾರಿಗೆ ನೋಡುವವರಾಗಿ ಹೋಗುವುದಕ್ಕಿಂತ ಹಾಡಲು ಕಲಿತುಕೊಂಡು ಹೋಗುವುದು ಮೇಲು. ಅಲ್ಲಿಗೆ ಹೋದ ಕನ್ನಡಿಗರು ತ್ಯಾಗರಾಜರ ಸಮಾಧಿಯ ಜೊತೆಗೆ, ಅಲ್ಲಿ ಗುಡಿ ಕಟ್ಟಿಸಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಸಮಾಧಿಯ ಮುಂದೆಯೂ ನಿಲ್ಲದೆ ಬರಬಾರದು.

ಆ ತೀರ ನಮಗೆ ಉಳಿದುಬಂದ ಬಗೆ

ಹೊರಡುವ ಮೊದಲು ಇತಿಹಾಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಅಲ್ಲಿ ಕಾಣುವುದು ನದಿಯ ಬದಿಯ ಒಂದು ಚಪ್ಪರ ಮತ್ತು ಜನಜಂಗುಳಿ ಮಾತ್ರ. ತ್ಯಾಗರಾಜರು ಹುಟ್ಟಿದ್ದು 1767ರ ಮೇ 4ರಂದು, ತಿರುವಾರೂರಿನಲ್ಲಿ. ಬಾಲ್ಯದಲ್ಲೇ ತಂದೆ ರಾಮಬ್ರಹ್ಮರೊಡನೆ ತಿರುವೈಯಾರಿಗೆ ಬಂದ ಅವರು, ಸೊಂಠಿ ವೆಂಕಟರಮಣಯ್ಯನವರಲ್ಲಿ ಸಂಗೀತ ಕಲಿತು, ಉಳಿದ ಬದುಕನ್ನೆಲ್ಲ ಆ ಊರಿನಲ್ಲೇ ಕಳೆದರು. ತಂಜಾವೂರಿನ ಅರಮನೆ ಅಲ್ಲಿಂದ ಅರ್ಧ ದಿನದ ನಡಿಗೆಯಷ್ಟೇ ದೂರ. ಶರಭೋಜಿ ಅರಸರಿಂದ ಕರೆ ಬಂದಾಗ ಹೋಗಲೊಪ್ಪದೆ ಕಲ್ಯಾಣಿ ರಾಗದಲ್ಲಿ ‘ನಿಧಿ ಚಾಲ ಸುಖಮಾ’ (ಸಂಪತ್ತು ಹೆಚ್ಚು ಸುಖವೇ) ಎಂದು ಹಾಡಿದರೆಂಬ ಕಥೆಯನ್ನು ಸಂಗೀತ ಕಲಿಯುವ ಪ್ರತಿಯೊಬ್ಬರೂ ಕೇಳಿರುತ್ತಾರೆ. ಜೀವನೋಪಾಯಕ್ಕೆ ಅವರು ನೆಚ್ಚಿಕೊಂಡದ್ದು ಉಂಛವೃತ್ತಿಯನ್ನು: ತಂಬೂರಿ ಹಿಡಿದು, ಹಾಡುತ್ತ ಬೀದಿಯಲ್ಲಿ ನಡೆದು, ಮನೆಯವರು ನೀಡಿದ ಅಕ್ಕಿಯನ್ನು ತಂದು ಅದರಲ್ಲೇ ಶಿಷ್ಯರಿಗೂ ಅನ್ನವಿಕ್ಕುವ ವ್ರತ. ಕನ್ನಡದ ದಾಸರ ಹಾದಿಯೂ ಇದೇ ಆಗಿತ್ತು. ತಮ್ಮ ಗೇಯನಾಟಕವೊಂದರ ಆರಂಭದಲ್ಲಿ ತ್ಯಾಗರಾಜರು ಪುರಂದರದಾಸರ ಮಹಿಮೆಯನ್ನು ಹೆಸರೆತ್ತಿ ಸ್ಮರಿಸಿದ್ದಾರೆ.

ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ಅವರು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ ದೇಹ ಬಿಟ್ಟರು. ಕಾವೇರಿಯ ದಂಡೆಯಲ್ಲಿ ಸಮಾಧಿಯಾಯಿತು. ಶಿಷ್ಯರು ವಾಲಾಜಪೇಟೆ, ಉಮಯಾಳ್ಪುರ, ತಿಲ್ಲೈಸ್ಥಾನ ಎಂಬ ಮೂರು ಪರಂಪರೆಗಳಲ್ಲಿ ಹಂಚಿಹೋಗಿ ತಂತಮ್ಮ ಊರುಗಳಲ್ಲಿ ಗುರುವಿನ ತಿಥಿಯನ್ನು ಆಚರಿಸುತ್ತಿದ್ದರು. ಸಮಾಧಿಯನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. 1903ರಲ್ಲಿ, ಆ ಹೊತ್ತಿಗೆ ವೃದ್ಧರಾಗಿದ್ದ ಶಿಷ್ಯರಾದ ಉಮಯಾಳ್ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಪಾಳುಬಿದ್ದಿದ್ದ ಆ ಜಾಗವನ್ನು ಹುಡುಕಿ ಸರಿಪಡಿಸಿದರು. ಕೆಲವೇ ವರ್ಷಗಳಲ್ಲಿ ತಿಲ್ಲೈಸ್ಥಾನದ ನರಸಿಂಹ ಭಾಗವತರು ಮತ್ತು ಪಂಜು ಭಾಗವತರು ಎಂಬ ಸಹೋದರರು ವಾರ್ಷಿಕ ಆರಾಧನೆಯನ್ನು ದೊಡ್ಡದಾಗಿ ನಡೆಸತೊಡಗಿದರು. ದೊಡ್ಡದಾದಂತೆ ಮನಸ್ತಾಪವೂ ಬಂತು. ಆರಾಧನೆ ‘ಪೆರಿಯ ಕಟ್ಚಿ’ (ದೊಡ್ಡ ಪಕ್ಷ), ‘ಚಿನ್ನ ಕಟ್ಚಿ’ (ಚಿಕ್ಕ ಪಕ್ಷ) ಎಂದು ಎರಡು ಪಕ್ಷಗಳಾಗಿ ಒಡೆಯಿತು. ಎರಡು ಪಕ್ಷದವರೂ ಒಪ್ಪಿಕೊಂಡಿದ್ದ ಸಂಗತಿಯೊಂದಿತ್ತು: ಸಮಾಧಿಯ ಸನ್ನಿಧಿಯಲ್ಲಿ ಹೆಂಗಸರು ಹಾಡಕೂಡದು.

ಇಲ್ಲಿಂದ ಮುಂದಿನ ಕಥೆ ಕನ್ನಡನಾಡಿನದು. ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಸಂಪ್ರದಾಯದ ಪುಟ್ಟಲಕ್ಷ್ಮಮ್ಮನವರ ಮಗಳಾಗಿ ಹುಟ್ಟಿದರು. ಮೈಸೂರು, ಬೆಂಗಳೂರುಗಳಲ್ಲಿ ಸಂಗೀತವನ್ನೂ ಕನ್ನಡ, ತೆಲುಗು, ಸಂಸ್ಕೃತಗಳನ್ನೂ ಕಲಿತು, ಮದರಾಸಿಗೆ ಹೋಗಿ ನೆಲೆಸಿ ದೊಡ್ಡ ಹೆಸರು ಮತ್ತು ಕೈತುಂಬ ಹಣ ಗಳಿಸಿದರು. ತ್ಯಾಗರಾಜರ ಸಮಾಧಿ ಮತ್ತೆ ಹಾಳುಬಿದ್ದಿರುವ ಸುದ್ದಿಯನ್ನು ಅವರಿಗೆ ಮುಟ್ಟಿಸಿದವರು ಬಿಡಾರಂ ಕೃಷ್ಣಪ್ಪನವರು. ನಮ್ಮ ಕರಾವಳಿಯ ನಂದಳಿಕೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸರಾಗಿ ಬೆಳಗಿದ, ಪಿಟೀಲು ಚೌಡಯ್ಯನವರ ಗುರುಗಳಾದ ಕೃಷ್ಣಪ್ಪನವರೇ ಇವರು. ಸುದ್ದಿ ತಿಳಿದ ನಾಗರತ್ನಮ್ಮ ಸುಮ್ಮನೆ ಕೂರಲಿಲ್ಲ. ಜಾಗವನ್ನು ಪಡೆದುಕೊಂಡು, ಪೊದೆ ಕಡಿಸಿ, 1921ರಲ್ಲಿ ಗುಡಿಗೆ ಅಡಿಗಲ್ಲು ಹಾಕಿಸಿದರು. 1920ರ ದಶಕದ ನಡುವಿನ ಹೊತ್ತಿಗೆ ಗುಡಿ ಎದ್ದು ನಿಂತು ತ್ಯಾಗರಾಜರ ಮೂರ್ತಿಯ ಪ್ರತಿಷ್ಠೆಯಾಯಿತು. ಅದಕ್ಕೆ ಹೋದದ್ದೆಲ್ಲ ಅವರು ಹಾಡಿ ದುಡಿದ ಸಂಪತ್ತು.

ಗುಡಿ ಕಟ್ಟಿಸಿದವರಿಗೇ ಅದರ ಮುಂದೆ ಹಾಡುವ ಹಕ್ಕಿಲ್ಲ ಎಂಬ ಸ್ಥಿತಿಯನ್ನು ಅವರು ಒಪ್ಪಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಹೆಂಗಸರನ್ನೇ ಕಟ್ಟಿಕೊಂಡು ಗುಡಿಯ ಹಿಂಭಾಗದಲ್ಲಿ ಮೂರನೆಯ ಆರಾಧನೆಯನ್ನು ಆರಂಭಿಸಿದರು. ಜನ ಅದನ್ನು ‘ಪೆಣ್‌ಗಳ್ ಕಟ್ಚಿ’ (ಹೆಂಗಸರ ಪಕ್ಷ) ಎಂದು ಕರೆದರು. ಹೀಗೆ ಒಂದೇ ಸಮಾಧಿಯ ಸುತ್ತ ಮೂರು ಆರಾಧನೆಗಳು ನಡೆದ ಕಾಲವೊಂದಿತ್ತು. 1940ರ ಸುಮಾರಿಗೆ ಪಕ್ಷಗಳೆಲ್ಲ ಒಂದಾಗಿ ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭೆ ರೂಪುಗೊಂಡಿತು. ಎಲ್ಲರೂ ಒಟ್ಟಿಗೆ ಕುಳಿತು ಐದು ಪಂಚರತ್ನ ಕೃತಿಗಳನ್ನು ಹಾಡುವ ಪದ್ಧತಿ ನೆಲೆಗೊಂಡದ್ದು ಆ ಒಗ್ಗಟ್ಟಿನ ನಂತರ. ನಾವು ಇಂದು ಅನಾದಿಯಿಂದ ಬಂದದ್ದೆಂದು ಭಾವಿಸುವ ಗೋಷ್ಠಿಗಾಯನಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲ. ಅದರಲ್ಲಿ ಗಂಡಸರಿಗೆ ಸರಿಸಮನಾಗಿ ಹೆಂಗಸರು ಕುಳಿತು ಹಾಡುವುದರ ಹಿಂದೆ ನಂಜನಗೂಡಿನ ಒಬ್ಬ ಹೆಣ್ಣುಮಗಳ ಹಟವಿದೆ. ನಾಗರತ್ನಮ್ಮನವರು 1952ರಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅದೇ ಆವರಣದಲ್ಲಿದೆ. ಗುರುವಿನ ಗುಡಿಯ ಕಡೆಗೆ ಮುಖಮಾಡಿ ಕೈಮುಗಿದು ಕುಳಿತ ಅವರ ಪ್ರತಿಮೆಯನ್ನು ಅಲ್ಲಿ ಕಾಣಬಹುದು.

ಮೊದಲ ಹಂತ: ದಿನವನ್ನು ಗೊತ್ತುಮಾಡಿಕೊಳ್ಳುವುದು

ಆರಾಧನೆ ತಿಥಿಯನ್ನು ಅನುಸರಿಸುವುದರಿಂದ ಇಂಗ್ಲಿಷ್ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. 2024ರಲ್ಲಿ ಅದು ಜನವರಿ 30ಕ್ಕೆ ಬಂದಿತ್ತು. 2025ರಲ್ಲಿ ಜನವರಿ 18ಕ್ಕೆ, 2026ರಲ್ಲಿ ಜನವರಿ 7ಕ್ಕೆ. ನಮ್ಮ ಊರಿನಲ್ಲಿ ಸೌರಮಾನದ ಲೆಕ್ಕ ಹಿಡಿಯುವ ಮನೆಗಳೇ ಹೆಚ್ಚಾದ್ದರಿಂದ ಪಂಚಾಂಗದಲ್ಲಿ ಚಾಂದ್ರಮಾನದ ಪುಷ್ಯ ಬಹುಳ ಪಂಚಮಿಯನ್ನೇ ನೋಡಬೇಕು. ಮಕರ ಮಾಸದಲ್ಲೇ ಬರುತ್ತದೆಂದು ಎಣಿಸಿದರೆ ಧನುರ್ಮಾಸದಲ್ಲಿ ಬಂದ ವರ್ಷ ತಪ್ಪಿಹೋಗುತ್ತದೆ. ಉತ್ಸವ ಸಾಮಾನ್ಯವಾಗಿ ಐದು ದಿನ ನಡೆಯುತ್ತದೆ ಮತ್ತು ಪಂಚಮಿ ಅದರ ಕೊನೆಯ ದಿನವಾಗಿರುತ್ತದೆ. ಐದೂ ದಿನ ಇರಲು ಸಾಧ್ಯವಾಗದವರು ಚತುರ್ಥಿಯ ಮಧ್ಯಾಹ್ನದೊಳಗೆ ಊರು ಸೇರಿ ಪಂಚಮಿಯ ರಾತ್ರಿಯವರೆಗೆ ನಿಂತರೆ ಸಾರವೆಲ್ಲ ಸಿಗುತ್ತದೆ. ಪಂಚಮಿಯ ಬೆಳಗ್ಗೆಯೇ ತಂಜಾವೂರಿನಲ್ಲಿ ಇಳಿದು ನೇರವಾಗಿ ಹೋಗುವ ಯೋಜನೆ ಬೇಡ. ರೈಲು ಒಂದು ಗಂಟೆ ತಡವಾದರೂ ಪಂಚರತ್ನ ಮುಗಿದಿರುತ್ತದೆ.

ಎರಡನೆಯ ಹಂತ: ಐದು ಕೃತಿಗಳನ್ನು ಕಲಿಯುವುದು

ಈ ಹಂತಕ್ಕೆ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಈಗಾಗಲೇ ಕೀರ್ತನೆಗಳನ್ನು ಹಾಡಬಲ್ಲವರ ಲೆಕ್ಕ ಇದು. ಗೀತೆ, ವರ್ಣದ ಹಂತದಲ್ಲಿರುವವರು ಅವಸರ ಮಾಡಬಾರದು. ಐದೂ ಆದಿತಾಳದಲ್ಲಿವೆ. ಹಾಡುವ ಕ್ರಮವೂ ಗೊತ್ತಾಗಿದೆ: ನಾಟದಲ್ಲಿ ‘ಜಗದಾನಂದಕಾರಕ’, ಗೌಳದಲ್ಲಿ ‘ದುಡುಕು ಗಲ’, ಆರಭಿಯಲ್ಲಿ ‘ಸಾಧಿಂಚೆನೆ’, ವರಾಳಿಯಲ್ಲಿ ‘ಕನಕನ ರುಚಿರ’, ಶ್ರೀರಾಗದಲ್ಲಿ ‘ಎಂದರೋ ಮಹಾನುಭಾವುಲು’. ಪ್ರತಿ ಚರಣವನ್ನೂ ಮೊದಲು ಸ್ವರವಾಗಿ, ಆಮೇಲೆ ಸಾಹಿತ್ಯವಾಗಿ ಹಾಡುವ ರೂಢಿಯಿರುವುದರಿಂದ ಸ್ವರ ಕಂಠಪಾಠವಾಗದವರು ಗೋಷ್ಠಿಯಲ್ಲಿ ಅರ್ಧ ಹೊತ್ತು ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತದೆ.

ಕಲಿಯುವಾಗ ಕ್ರಮವನ್ನು ಬದಲಾಯಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಶ್ರೀರಾಗದ ಕೃತಿಯನ್ನು ಮೊದಲು ಹಿಡಿಯಬೇಕು. ಅದರ ನಡೆ ನಿಧಾನವಾಗಿ ಬಾಯಿಗೆ ಕೂರುತ್ತದೆ, ಮತ್ತು ಯಾವ ಗೋಷ್ಠಿಯಲ್ಲೂ ಅದನ್ನು ಬಿಡುವುದಿಲ್ಲ. ಎರಡನೆಯದಾಗಿ ‘ಜಗದಾನಂದಕಾರಕ’. ಐದರಲ್ಲಿ ಸಂಸ್ಕೃತದಲ್ಲಿರುವುದು ಇದೊಂದೇ ಆದ್ದರಿಂದ ಸಾಹಿತ್ಯ ನಮ್ಮವರಿಗೆ ಬೇಗ ಬರುತ್ತದೆ, ಆದರೆ ಹತ್ತು ಚರಣಗಳ ದೀರ್ಘ ಸಮಾಸಗಳಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಗುರುಗಳಿಂದಲೇ ಕೇಳಿ ಗುರುತು ಹಾಕಿಕೊಳ್ಳಬೇಕು. ‘ಸಾಧಿಂಚೆನೆ’ಯಲ್ಲಿ ಜಾಗ್ರತೆ ಬೇಕಾದ ಒಂದು ಸ್ಥಳವಿದೆ: ಚರಣ ಮುಗಿದಾಗ ಪಲ್ಲವಿಗೆ ಮರಳದೆ ‘ಸಮಯಾನಿಕಿ ತಗು ಮಾಟಲಾಡೆನೆ’ ಎಂಬ ಸಾಲಿಗೆ ಮರಳಬೇಕು. ಒಬ್ಬರೇ ಅಭ್ಯಾಸ ಮಾಡಿದವರು ಗುಂಪಿನಲ್ಲಿ ಎಡವುವುದು ಇಲ್ಲಿಯೇ. ‘ದುಡುಕು ಗಲ’ ತನ್ನ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಕೊಳ್ಳುವ ಕೃತಿ. ಅರ್ಥವನ್ನು ತಿಳಿದು ಹಾಡಿದರೆ ಗೌಳದ ರಿಷಭ ತಾನಾಗಿಯೇ ಅದರ ಜಾಗದಲ್ಲಿ ನಿಲ್ಲುತ್ತದೆ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಪಾಠ ಹೇಳಿದರೆ ಇಬ್ಬರಿಗೂ ವಿರಸ ಬರುತ್ತದೆಂಬ ನಂಬಿಕೆ ಹಿಂದಿನಿಂದ ಬಂದಿದೆ. ಅದನ್ನು ಪಾಲಿಸುವ ಗುರುಗಳು ನಮ್ಮಲ್ಲಿಯೂ ಇದ್ದಾರೆ. ಅಂಥ ಕಡೆ ‘ಕನಕನ ರುಚಿರ’ವನ್ನು ಹಿರಿಯರ ಧ್ವನಿಮುದ್ರಣ ಕೇಳಿ ಕಲಿತು, ಗುರುಗಳ ಮುಂದೆ ಹಾಡಿ ತಿದ್ದಿಸಿಕೊಳ್ಳುವುದು ವಾಡಿಕೆ.

ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರು ಉಚ್ಚಾರಣೆಯ ಕಡೆ ಗಮನ ಕೊಡಬೇಕು. ತೆಲುಗಿನಲ್ಲಿ ಅ, ಉ, ಒ ಸ್ವರಗಳ ಜೊತೆ ಬರುವ ಚಕಾರ ‘ತ್ಸ’ಕ್ಕೆ ಹತ್ತಿರವಾಗಿ ನುಡಿಯುತ್ತದೆ, ‘ಬ್ರೋಚುರಾ’ ಎಂಬುದನ್ನು ಕನ್ನಡದ ‘ಚು’ವಿನಂತೆ ಒತ್ತಿ ಹೇಳಿದರೆ ಪಕ್ಕದವರಿಗೆ ತಕ್ಷಣ ಕೇಳಿಸುತ್ತದೆ. ಇನ್ನೊಂದು ತಯಾರಿ ಶ್ರುತಿಯದು. ಸಾವಿರಾರು ಮಂದಿ ಹಾಡುವಾಗ ಎಲ್ಲರ ಗಂಟಲಿಗೂ ಒಗ್ಗುವ ಶ್ರುತಿ ಇರಲಾರದು. ಹೊರಡುವ ಮುಂಚಿನ ಒಂದೆರಡು ತಿಂಗಳು ತಮ್ಮ ಮಾಮೂಲಿ ಶ್ರುತಿಗಿಂತ ಒಂದೆರಡು ಮನೆ ಮೇಲಕ್ಕೂ ಕೆಳಕ್ಕೂ ಇಟ್ಟುಕೊಂಡು, ಸಾಧ್ಯವಾದರೆ ಐದಾರು ಮಂದಿ ಸೇರಿ, ನಿಲ್ಲಿಸದೆ ಐದನ್ನೂ ಹಾಡಿ ರೂಢಿಸಿಕೊಳ್ಳಬೇಕು. ಒಂದು ಗಂಟೆಯ ಕಾಲ ಗಂಟಲು ಸೋಲದೆ ನಿಲ್ಲುವುದನ್ನು ಅಭ್ಯಾಸವೇ ಕಲಿಸುತ್ತದೆ.

ಮೂರನೆಯ ಹಂತ: ಪ್ರಯಾಣ ಮತ್ತು ವಸತಿ

ತಿರುವೈಯಾರಿನಲ್ಲಿ ರೈಲು ನಿಲ್ದಾಣವಿಲ್ಲ. ಹತ್ತಿರದ ದೊಡ್ಡ ನಿಲ್ದಾಣ ಸುಮಾರು 12-13 ಕಿ.ಮೀ. ದೂರದ ತಂಜಾವೂರು. ಮಂಗಳೂರಿನಿಂದ ಚೆನ್ನೈ ಎಗ್ಮೋರಿಗೆ ಹೋಗುವ ರೈಲು ಕಾಸರಗೋಡು, ಶೊರ್ನೂರು, ಪಾಲಕ್ಕಾಡು, ಕೊಯಮತ್ತೂರು, ಈರೋಡು, ಕರೂರು ಹಾದು ತಿರುಚ್ಚಿಯನ್ನು ಮುಟ್ಟುವುದರಿಂದ ನಮ್ಮವರಿಗೆ ಅದೇ ಹೆಚ್ಚು ಅನುಕೂಲ. ತಿರುಚ್ಚಿಯಿಂದ ತಂಜಾವೂರಿಗೆ ಐವತ್ತು ಕಿ.ಮೀ. ಚಿಲ್ಲರೆ ದಾರಿ, ರೈಲೂ ಬಸ್ಸೂ ಬೇಕಾದಷ್ಟಿವೆ. ಬೇರೆ ರೈಲಿನಲ್ಲಿ ಕೊಯಮತ್ತೂರಿನವರೆಗೆ ಹೋಗಿ ಅಲ್ಲಿಂದ ತಂಜಾವೂರಿನ ರೈಲು ಹಿಡಿಯುವುದೂ ಆಗುತ್ತದೆ. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಕಾಯ್ದಿರಿಸುವ ಮೊದಲು ಒಮ್ಮೆ ನೋಡಿಕೊಳ್ಳಬೇಕು. ಪಂಚಮಿ ಪೊಂಗಲಿನ ಆಸುಪಾಸಿನಲ್ಲಿ ಬಂದ ವರ್ಷ ತಮಿಳುನಾಡಿನ ರೈಲು, ಬಸ್ಸು, ವಸತಿಗೃಹಗಳೆಲ್ಲ ತುಂಬಿರುತ್ತವೆ. ಆ ವರ್ಷ ಕಾಯ್ದಿರಿಸುವ ಅವಕಾಶ ತೆರೆದ ದಿನವೇ ಟಿಕೆಟ್ಟು ಮಾಡಿಸಬೇಕು.

ತಿರುವೈಯಾರು ಚಿಕ್ಕ ಊರು. ಉಳಿದುಕೊಳ್ಳಲು ತಂಜಾವೂರೇ ಸರಿ. ಅಲ್ಲಿ ಸಿಗದಿದ್ದರೆ ಕುಂಭಕೋಣ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಬದಿ ಕುಳಿತುಕೊಳ್ಳುವುದು ಒಳ್ಳೆಯದು. ಅಷ್ಟು ಸಣ್ಣ ದಾರಿಯಲ್ಲಿ ಒಂದರ ಹಿಂದೊಂದರಂತೆ ಐದು ಸೇತುವೆಗಳು ಬರುತ್ತವೆ: ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕೊನೆಗೆ ಕಾವೇರಿ. ಕೃತಿಗಳಲ್ಲಿ ಬರುವ ಪಂಚನದ ಕ್ಷೇತ್ರ ಇದೇ. ಚಂದ್ರಗಿರಿ ಕೋಟೆಯ ಬುಡದಲ್ಲಿ ಕಡಲು ಸೇರುವ ನಮ್ಮ ಪಯಸ್ವಿನಿಯೂ ಈ ಕಾವೇರಿಯೂ ಕೊಡಗಿನ ಬೆಟ್ಟಗಳಲ್ಲೇ ಹುಟ್ಟಿದವು. ಒಂದು ಪಡುವಣಕ್ಕೆ ಇಳಿಯಿತು, ಇನ್ನೊಂದು ಮೂಡಣಕ್ಕೆ ತಿರುಗಿತು. ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ರಿಂದ ಜನವರಿ 28ರವರೆಗೆ ನೀರು ಬಿಡುವುದು ಹಿಂದಿನಿಂದ ಬಂದ ವಾಡಿಕೆಯಾದ್ದರಿಂದ, ಮಳೆ ಚೆನ್ನಾಗಿ ಬಂದ ವರ್ಷ ಆರಾಧನೆಯ ಹೊತ್ತಿಗೆ ನದಿಯಲ್ಲಿ ಹರಿವು ಇರುತ್ತದೆ. ಮಳೆ ಕೈಕೊಟ್ಟ ವರ್ಷ ಮರಳೇ ಹೆಚ್ಚು ಕಾಣುತ್ತದೆ.

ಭಾಷೆಯ ತೊಂದರೆ ಕಾಸರಗೋಡಿನವರಿಗೆ ಅಷ್ಟಾಗಿ ಬಾರದು. ಮಲಯಾಳ ಬಲ್ಲವರಿಗೆ ತಮಿಳು ಅರೆಬರೆಯಾದರೂ ತಿಳಿಯುತ್ತದೆ. ಬಸ್ಸಿನ ಬೋರ್ಡು ಮಾತ್ರ ಹೆಚ್ಚಾಗಿ ತಮಿಳಿನಲ್ಲೇ ಇರುವುದರಿಂದ ಕೇಳಿಕೊಂಡೇ ಹತ್ತಬೇಕು.

ಗಂಟಿನಲ್ಲಿ ಹೆಚ್ಚೇನೂ ಬೇಡ. ಕೂರಲು ಮಡಚುವ ಚಾಪೆ, ಬೆಳಗಿನ ಮಂಜಿಗೆ ಒಂದು ಶಾಲು, ಹಗಲಿನ ಬಿಸಿಲಿಗೆ ಬೈರಾಸು, ನೀರಿನ ಬಾಟಲಿ, ಸಂಜೆಯ ಸೊಳ್ಳೆಗೆ ಹಚ್ಚಿಕೊಳ್ಳುವ ಎಣ್ಣೆ, ಚಪ್ಪಲಿ ಇಡಲು ಒಂದು ಬಟ್ಟೆಯ ಚೀಲ, ದೊಡ್ಡ ಅಕ್ಷರದಲ್ಲಿ ಬರೆದುಕೊಂಡ ಸಾಹಿತ್ಯದ ಪುಸ್ತಕ. ಗಂಡಸರು ಪಂಚೆಯಲ್ಲೂ ಹೆಂಗಸರು ಸೀರೆಯಲ್ಲೂ ಬರುವುದು ಅಲ್ಲಿನ ರೂಢಿ. ನೆಲದ ಮೇಲೆ ಗಂಟೆಗಟ್ಟಲೆ ಕೂರಲು ಕಷ್ಟಪಡುವ ಹಿರಿಯರು ಜೊತೆಗಿದ್ದರೆ ಚಪ್ಪರದ ಅಂಚಿನಲ್ಲಿ ಜಾಗ ಹಿಡಿದು ಮಡಚುವ ಸಣ್ಣ ಸ್ಟೂಲು ಹಾಕಿಕೊಡಬಹುದು. ಹಿಂದಿನವರಿಗೆ ಮರೆಯಾಗದಂತೆ ನೋಡಿಕೊಳ್ಳಬೇಕಾದ ಹೊಣೆ ನಮ್ಮದು.

ನಾಲ್ಕನೆಯ ಹಂತ: ಚತುರ್ಥಿಯ ದಿನ ಊರು ನೋಡುವುದು

ಜನ ಸೇರುವ ಮೊದಲೇ ಸಮಾಧಿಯ ಆವರಣವನ್ನು ನಿಧಾನವಾಗಿ ನೋಡಿಕೊಂಡರೆ ಮರುದಿನ ದಾರಿ ತಪ್ಪುವುದಿಲ್ಲ. ಗುಡಿ ದೊಡ್ಡದಲ್ಲ. ಗೋಡೆಗಳ ಕಲ್ಲಿನ ಮೇಲೆ ತ್ಯಾಗರಾಜರ ಕೃತಿಗಳನ್ನು ಕೆತ್ತಿಸಿದ್ದಾರೆ. ನಾವು ಊರಿನಲ್ಲಿ ಹಾಡುವ ಕೃತಿಯ ಸಾಲನ್ನು ಅಲ್ಲಿ ಬೆರಳಿಟ್ಟು ಓದುತ್ತ ನಿಂತವರನ್ನು ಯಾವಾಗಲೂ ಕಾಣಬಹುದು. ಗುಡಿಯಿಂದ ಹೊರಬಂದು ನಾಗರತ್ನಮ್ಮನವರ ಸಮಾಧಿಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ಹಾಡಲು ಬರುವ ಹೆಣ್ಣುಮಕ್ಕಳು ಜೊತೆಗಿದ್ದರೆ ಅಲ್ಲೊಂದು ದೇವರನಾಮವನ್ನು ಮೆಲುದನಿಯಲ್ಲಿ ಹಾಡಿಸಿ. ಪಂಚಮಿಯ ದಿನ ಇದಕ್ಕೆ ಎಡೆ ಸಿಗದು.

ಅಲ್ಲಿಂದ ನದಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಸಂಜೆ ಕುಳಿತುಕೊಳ್ಳುವಾಗ ನೆನಪಿಗೆ ತಂದುಕೊಳ್ಳಬೇಕಾದ ಕೃತಿಗಳೆರಡಿವೆ. ಅಸಾವೇರಿಯ ‘ಸಾರಿ ವೆಡಲಿನ ಈ ಕಾವೇರಿನಿ ಜೂಡರೆ’ ಎಂಬುದರಲ್ಲಿ ತ್ಯಾಗರಾಜರು ನದಿಯ ನಡಿಗೆಯನ್ನು ಕಣ್ಣಮುಂದೆ ತರುತ್ತಾರೆ. ಮುಖಾರಿಯ ‘ಮುರಿಪೆಮು’ ಕೃತಿಯಲ್ಲಿ ಚೋಳಸೀಮೆಯ ಈ ಊರನ್ನು, ಕಾವೇರಿ ತಟದ ತಂಗಾಳಿಯನ್ನು ವರ್ಣಿಸಿ, ಇಂಥ ಜಾಗದಲ್ಲಿ ನೆಲೆಸಿದ ನಿನಗೆ ಹೆಮ್ಮೆಯೇ ರಾಮ ಎಂದು ಕೇಳುತ್ತಾರೆ. ಅಣ್ಣ ಮುನಿದು ರಾಮನ ವಿಗ್ರಹಗಳನ್ನು ಹೊಳೆಗೆ ಎಸೆದ, ತ್ಯಾಗರಾಜರು ಹಂಬಲಿಸಿ ಹುಡುಕಿ ಮತ್ತೆ ಪಡೆದರು ಎಂಬ ಐತಿಹ್ಯವೂ ಈ ನೀರಿನದೇ.

ಸಮಯವಿದ್ದರೆ ತಿರುಮಂಜನ ಬೀದಿಯಲ್ಲಿ ಅವರು ಬಾಳಿದ ಮನೆಯ ಜಾಗಕ್ಕೂ ಹೋಗಿಬರಬೇಕು. ಈಗ ಅಲ್ಲಿರುವುದು ಹೊಸದಾಗಿ ಕಟ್ಟಿದ ಸ್ಮಾರಕ. ಊರ ನಡುವಿನ ಅಯ್ಯಾರಪ್ಪರ್ ದೇವಸ್ಥಾನ, ಅಂದರೆ ಪಂಚನದೀಶ್ವರ ಮತ್ತು ಧರ್ಮಸಂವರ್ಧಿನಿಯ ಸನ್ನಿಧಿ, ಬಹಳ ವಿಶಾಲವಾದದ್ದು. ಅಠಾಣದ ‘ಇಲಲೋ ಪ್ರಣತಾರ್ತಿಹರುಡು’ ಕೃತಿಯೂ ಸಾವೇರಿಯ ‘ಪರಾಶಕ್ತಿ ಮನುಪರಾದ’ ಕೃತಿಯೂ ಇಲ್ಲಿನ ಈಶ್ವರ ಮತ್ತು ಅಮ್ಮನನ್ನು ಕುರಿತವು. ರಾಮಭಕ್ತರಾದ ತ್ಯಾಗರಾಜರು ದಿನವೂ ಕಂಡ ಶಿವ ಈತನೇ. ಪೇಟೆಯಲ್ಲಿ ‘ಅಶೋಕಾ’ ಎಂಬ ಹಲ್ವ ಕೇಳಿ ತಿನ್ನಬೇಕು: ಹೆಸರುಬೇಳೆಯನ್ನು ಬೇಯಿಸಿ, ಸಕ್ಕರೆ ಮತ್ತು ತುಪ್ಪದಲ್ಲಿ ಗೊಟಾಯಿಸಿ, ಬಾಳೆಲೆಯ ತುಂಡಿನ ಮೇಲೆ ಬಿಸಿಬಿಸಿಯಾಗಿ ಹಾಕಿಕೊಡುತ್ತಾರೆ. ಬಾಯಲ್ಲಿಟ್ಟರೆ ಅಗಿಯುವ ಕೆಲಸವಿಲ್ಲ. ಆದರೆ ಮರುದಿನ ಹಾಡುವವರು ಸ್ವಲ್ಪದರಲ್ಲೇ ನಿಲ್ಲಿಸುವುದು ಗಂಟಲಿಗೆ ಹಿತ.

ಐದನೆಯ ಹಂತ: ಪಂಚಮಿಯ ಬೆಳಗ್ಗೆ

ತಂಜಾವೂರಿನಿಂದ ಬೆಳಕು ಹರಿಯುವ ಮೊದಲೇ ಹೊರಡಬೇಕು. ತ್ಯಾಗರಾಜರ ಮನೆಯಿಂದ ಸಮಾಧಿಯವರೆಗೆ ಉಂಛವೃತ್ತಿಯ ಮೆರವಣಿಗೆ ಹಾಡುತ್ತ ಬರುತ್ತದೆ. ಅದನ್ನು ಹಿಂಬಾಲಿಸಿ ನಡೆಯುವವರಿಗೆ ಅವರು ನಿತ್ಯ ನಡೆದ ಬೀದಿಯ ಅಂದಾಜು ಸಿಗುತ್ತದೆ. ಆದರೆ ಚಪ್ಪರದಲ್ಲಿ ಒಳ್ಳೆಯ ಜಾಗ ಬೇಕೆನ್ನುವವರು ಮೆರವಣಿಗೆಯನ್ನು ಬಿಟ್ಟು ಮೊದಲೇ ಹೋಗಿ ಕೂರಬೇಕು. ಎರಡೂ ಬೇಕೆನ್ನುವ ಕುಟುಂಬಗಳು ಇಬ್ಬರನ್ನು ಮುಂದಾಗಿ ಕಳುಹಿಸಿ ಚಾಪೆ ಹಾಸಿಸಬಹುದು. ಪ್ರವೇಶಕ್ಕೆ ಶುಲ್ಕವಿಲ್ಲ.

ಚಪ್ಪರದ ಒಳಗೆ ಸಮಾಧಿಗುಡಿಯ ಎದುರು ಹಾಡುಗಾರರ ಆವರಣವಿರುತ್ತದೆ. ನಡುವೆ ದಾರಿ ಬಿಟ್ಟು, ಎರಡು ಬದಿಗಳಲ್ಲಿ ಸಾಲುಸಾಲಾಗಿ ಎದುರುಬದುರು ಕೂರುತ್ತಾರೆ. ಮುಂದಿನ ಸಾಲುಗಳು ಹಿರಿಯ ವಿದ್ವಾಂಸರಿಗೆ ಮೀಸಲು, ಅಲ್ಲಿಗೆ ನುಗ್ಗುವ ಪ್ರಯತ್ನ ಬೇಡ. ಸ್ವಯಂಸೇವಕರು ತೋರಿಸಿದ ಕಡೆ, ಆವರಣದ ಹೊರಗಾದರೂ ಸರಿ, ಕುಳಿತು ಪುಸ್ತಕ ತೆರೆದರೆ ಸುತ್ತ ಕುಳಿತವರೂ ಹಾಡುವವರೇ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಧ್ವನಿವರ್ಧಕದ ಪಕ್ಕದ ಜಾಗವನ್ನು ಬಿಡಬೇಕು. ಅಲ್ಲಿ ಕುಳಿತವರಿಗೆ ತಮ್ಮ ದನಿಯೂ ಪಕ್ಕದವರ ದನಿಯೂ ಕೇಳಿಸುವುದಿಲ್ಲ, ತಾಳ ಹೊರಳುತ್ತದೆ.

ಮೊದಲು ನಾಗಸ್ವರದ ಮಂಗಳವಾದ್ಯ. ಬಳಿಕ ಕೊಳಲು ವಿದ್ವಾಂಸರು ಭೈರವಿಯ ‘ಚೇತುಲಾರ’ವನ್ನು ನುಡಿಸುತ್ತಾರೆ. ಹಲವು ಕೊಳಲುಗಳು ಒಟ್ಟಿಗೆ ನುಡಿಸುವ ಈ ಕೃತಿಯೇ ಗೋಷ್ಠಿ ಆರಂಭವಾಗುತ್ತಿದೆ ಎಂಬ ಸೂಚನೆ; ಇದು ಕೇಳಿಸಿದ ಮೇಲೆ ಎದ್ದು ಓಡಾಡಬಾರದು. ಸುಮಾರು ಒಂಬತ್ತು ಗಂಟೆಗೆ ನಾಟ ಏಳುತ್ತದೆ. ಒಳಗೆ ಮೂರ್ತಿಗೆ ಹಾಲು, ಗಂಧ ಮೊದಲಾದವುಗಳ ಅಭಿಷೇಕ ನಡೆಯುತ್ತಿರುತ್ತದೆ, ಹೊರಗೆ ಮೃದಂಗಗಳೂ ಪಿಟೀಲುಗಳೂ ಘಟಗಳೂ ಕೂಡಿಕೊಂಡು ಚರಣದ ಮೇಲೆ ಚರಣ ಸಾಗುತ್ತದೆ. ಆಕಾಶವಾಣಿ ಮತ್ತು ದೂರದರ್ಶನದ ನೇರ ಪ್ರಸಾರದಲ್ಲಿ ಇದನ್ನು ಕೇಳಿದವರಿಗೆ ಅಲ್ಲಿ ಹೊಸದಾಗಿ ದೊರೆಯುವುದು ಪಕ್ಕದವರ ದನಿ. ಬಲಗಡೆ ತಿರುನೆಲ್ವೇಲಿಯ ಶಾಲೆಯ ಮೇಷ್ಟ್ರು, ಎಡಗಡೆ ವಿಜಯವಾಡದಿಂದ ಬಂದ ಅಜ್ಜಿ, ಹಿಂದೆ ಪಾಲಕ್ಕಾಡಿನ ಹುಡುಗರು ಇರಬಹುದು. ಒಬ್ಬರಿಗೊಬ್ಬರ ಮಾತು ತಿಳಿಯದಿದ್ದರೂ ಗೌಳದ ಮೂರನೆಯ ಚರಣದಲ್ಲಿ ಯಾರು ಎಲ್ಲಿ ಉಸಿರು ತೆಗೆದುಕೊಂಡರೆಂಬುದು ಎಲ್ಲರಿಗೂ ತಿಳಿಯುತ್ತದೆ.

ಹಾಡುವಾಗ ಪಾಲಿಸಬೇಕಾದ ಶಿಸ್ತು ಇಷ್ಟೇ. ಪಾಠಾಂತರ ಬೇರೆಯಾದ ಕಡೆ ನಮ್ಮ ಪಾಠವನ್ನು ಗಟ್ಟಿಯಾಗಿ ಸಾಧಿಸದೆ ಗುಂಪಿನದನ್ನು ಅನುಸರಿಸಬೇಕು. ಕಾಲಪ್ರಮಾಣ ಮುಂದೋಡಿದರೆ ತಾಳವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು, ಸಾಹಿತ್ಯ ತಪ್ಪಿದ ಕಡೆಯಲ್ಲಿ ಸುಮ್ಮನಾಗಿ ಪಲ್ಲವಿಯಲ್ಲಿ ಸೇರಿಕೊಳ್ಳಬೇಕು. ಫೋನನ್ನು ಎತ್ತಿ ಹಿಡಿದು ಚಿತ್ರೀಕರಿಸುವುದನ್ನು ಪೂರ್ತಿ ಬಿಡುವುದು ಒಳಿತು; ಪ್ರಸಾರದ ಧ್ವನಿಮುದ್ರಣ ನಮ್ಮ ಫೋನಿನದಕ್ಕಿಂತ ಚೆನ್ನಾಗಿರುತ್ತದೆ, ಹಾಡಿದ ಒಂದು ಗಂಟೆ ಮಾತ್ರ ಮತ್ತೆ ಸಿಗುವುದಿಲ್ಲ.

ಆರನೆಯ ಹಂತ: ಪಂಚರತ್ನದ ನಂತರ ಉಳಿಯುವುದು

‘ಎಂದರೋ’ ಮುಗಿದ ಕೂಡಲೇ ಜನ ಹೊರಡುತ್ತಾರೆ. ಸಂಗೀತ ಪ್ರೀತಿಸುವವರು ಆಗ ಹೊರಡಬಾರದು. ಅಕ್ಕಪಕ್ಕದ ಎರಡು ವೇದಿಕೆಗಳಲ್ಲಿ ಒಂದಾದ ಮೇಲೊಂದರಂತೆ, ನಡುವೆ ಶ್ರುತಿ ಕೂಡಿಸಲು ಹೊತ್ತು ವ್ಯರ್ಥವಾಗದಂತೆ ಕಛೇರಿಗಳು ನಡೆಯುತ್ತ ಹೋಗುತ್ತವೆ. ಒಬ್ಬೊಬ್ಬರಿಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಹೆಸರಾಂತ ವಿದ್ವಾಂಸರಿಗೂ ಹೆಚ್ಚಿಲ್ಲ. ಹಾಡುವುದು ತ್ಯಾಗರಾಜರ ಕೃತಿಗಳನ್ನು. ಅಷ್ಟು ಕಡಿಮೆ ಹೊತ್ತಿನಲ್ಲಿ ರಾಗವನ್ನು ಎರಡು ನಿಮಿಷ ತೋರಿಸಿ, ಒಂದು ಕೃತಿಯನ್ನು ಅಚ್ಚುಕಟ್ಟಾಗಿ ಹಾಡಿ ಇಳಿಯುವುದನ್ನು ನೋಡುವುದೇ ಕಲಿಯುವವರಿಗೆ ದೊಡ್ಡ ಪಾಠ. ಇಡೀ ರಾತ್ರಿ ಬಯಲಾಟ ನೋಡಿ ಅಭ್ಯಾಸವಿರುವ ನಮ್ಮ ಕಡೆಯವರಿಗೆ ಕೂರುವುದು ಕಷ್ಟವಾಗದು. ಅಲ್ಲಿಯಂತೆ ಇಲ್ಲಿಯೂ ದೊಡ್ಡ ಹೆಸರಿನವರಿಗಾಗಿ ಕಾಯುತ್ತ ಕುಳಿತವರಿಗಿಂತ, ಬಂದವರನ್ನೆಲ್ಲ ಕೇಳಿದವರಿಗೆ ಲಾಭ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಚಪ್ಪರ ಅರ್ಧ ಖಾಲಿಯಾದಾಗ, ಯಾವುದೋ ಹಳ್ಳಿಯ ಮೇಷ್ಟ್ರೊಬ್ಬರು ಬಂದು ಹಾಡುವ ಅಪರೂಪದ ಕೃತಿಗಾಗಿ ಪುಸ್ತಕದ ಹಿಂಬದಿಯಲ್ಲಿ ಖಾಲಿ ಹಾಳೆ ಉಳಿಸಿಕೊಂಡಿರಬೇಕು. ರಾತ್ರಿ ತ್ಯಾಗರಾಜರ ಉತ್ಸವಮೂರ್ತಿಯ ಮೆರವಣಿಗೆಯೂ ಆಂಜನೇಯ ಉತ್ಸವವೂ ನಡೆದು ಮಂಗಳವಾಗುತ್ತದೆ.

ಮರುದಿನ ತಂಜಾವೂರಿನಲ್ಲಿ ಅರ್ಧ ದಿನ ಉಳಿದರೆ ರಾಜರಾಜ ಚೋಳನು 1010ರಲ್ಲಿ ಪೂರೈಸಿದ ಬೃಹದೀಶ್ವರ ದೇವಾಲಯವನ್ನೂ ತಾಳೆಗರಿಗಳಿಗೆ ಹೆಸರಾದ ಸರಸ್ವತಿ ಮಹಲ್ ಗ್ರಂಥಾಲಯವನ್ನೂ ನೋಡಬಹುದು. ವೀಣೆ ಕಲಿಯುವವರು ತಂಜಾವೂರು ವೀಣೆ ಮಾಡುವ ಕುಶಲಕರ್ಮಿಗಳ ಮನೆಗೆ ಹೋಗಿಬರಲಿ. ನಮ್ಮ ಹಿತ್ತಲಿನಲ್ಲಿರುವ ಹಲಸಿನ ಮರವೇ ಅಲ್ಲಿ ಕೊಡವಾಗಿ, ದಂಡಿಯಾಗಿ ಕೊರೆಯಲ್ಪಡುವುದನ್ನೂ, ಮೇಣದಲ್ಲಿ ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯ ಅಳತೆಯಿಂದ ಕೂರಿಸುವುದನ್ನೂ ಕಣ್ಣಾರೆ ಕಾಣಬಹುದು.

ಜನಸಂದಣಿ ಬೇಡವೆನ್ನುವವರಿಗೆ

ವಯಸ್ಸಾದವರು, ಸಣ್ಣ ಮಕ್ಕಳಿರುವವರು ಆರಾಧನೆಯ ದಿನಗಳನ್ನು ಬಿಟ್ಟು ವರ್ಷದ ಬೇರೆ ಯಾವ ದಿನವಾದರೂ ಹೋಗಬಹುದು. ಮೆಟ್ಟೂರಿನ ನೀರು ಬಂದು ನದಿ ತುಂಬಿರುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ನೋಡಲು ಚೆಂದ. ಏಪ್ರಿಲ್, ಮೇ ತಿಂಗಳ ಬಿಸಿಲು ಅಲ್ಲಿ ನಮ್ಮ ಕರಾವಳಿಯದಕ್ಕಿಂತ ಕಠಿಣ. ಬೆಳಗ್ಗೆ ಬೇಗ ಹೋದರೆ ಸಮಾಧಿಯ ಮುಂದೆ ಕುಳಿತು ಒಂದು ಕೃತಿ ಹಾಡಿಬರಲು ಅವಕಾಶ ಸಿಗುತ್ತದೆ. ಮಕ್ಕಳಿಗೆ ಸಂಗೀತಾಭ್ಯಾಸ ಆರಂಭಿಸುವ ಮೊದಲು ಇಲ್ಲಿ ನಮಸ್ಕಾರ ಮಾಡಿಸಬೇಕೆನ್ನುವವರಿಗೆ ಇಂಥ ದಿನಗಳೇ ಅನುಕೂಲ.

ವೇದಿಕೆಯಲ್ಲಿ ಹಾಡಲು ಬಯಸುವವರಿಗೆ

ಗೋಷ್ಠಿಯಲ್ಲಿ ಕುಳಿತು ಹಾಡುವುದಕ್ಕೂ ವೇದಿಕೆಯ ಮೇಲೆ ಹಾಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಉತ್ಸವಕ್ಕೆ ಕೆಲವು ತಿಂಗಳ ಮೊದಲೇ ತ್ಯಾಗಬ್ರಹ್ಮ ಮಹೋತ್ಸವ ಸಭೆಗೆ ಅರ್ಜಿ ಸಲ್ಲಿಸಬೇಕು. ಅರ್ಜಿಗಳು ಬಹಳ ಬರುವುದರಿಂದ ಮೊದಲ ಸಲವೇ ಅವಕಾಶ ಸಿಗದಿದ್ದರೆ ಬೇಸರ ಬೇಡ, ಮುಂದಿನ ವರ್ಷ ಮತ್ತೆ ಸಲ್ಲಿಸಬೇಕು. ಅವಕಾಶ ಸಿಕ್ಕವರು ಪಕ್ಕವಾದ್ಯದವರನ್ನು ಗೊತ್ತುಮಾಡಿಕೊಂಡು, ಎರಡು ಕೃತಿಗಳನ್ನು ಗಡಿಯಾರ ಇಟ್ಟು ಅಭ್ಯಾಸ ಮಾಡಿಕೊಂಡು ಹೋಗಬೇಕು. ನಡುರಾತ್ರಿಯ ಸರದಿ ಬಂದರೂ ಒಪ್ಪಿಕೊಳ್ಳಿ. ಆ ಹೊತ್ತಿಗೆ ಎದ್ದು ಕೇಳುವವರು ಸಂಗೀತಕ್ಕಾಗಿಯೇ ಉಳಿದವರಾಗಿರುತ್ತಾರೆ.